ಬೆಸಿಲ್ ಗಿಡ ಕೋಲಿನ ಥರ ಉದ್ದ ಆಗಿ ಹೂ ಬಿಟ್ಬಿಟ್ಟಿದೆ, ಎಲೇನೇ ಸಿಗ್ತಿಲ್ಲ, ಎಲ್ಲಿ ಕತ್ತರಿಸ್ಬೇಕು?

ಸಂಜೆಮಲ್ಲಿಗೆ
ಎಲ್ರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಬೈಬೇಡಿ.

ನನ್ನ ಹತ್ರ ಎರಡು ಕುಂಡ ಬೆಸಿಲ್ ಇದೆ. ಮೊದಲನೇದು ಬೀಜದಿಂದ ಬಂದಿದ್ದು, ಎರಡೂವರೆ ತಿಂಗಳಾಯ್ತು. ಮೊದಲು ಚೆನ್ನಾಗೇ ಬರ್ತಿತ್ತು, ಈಗ ನೋಡಿದ್ರೆ ಒಂದೇ ಕಾಂಡ ಮಂಡಿ ಎತ್ತರಕ್ಕೆ ನೆಟ್ಟಗೆ ಹೋಗಿದೆ, ಕೆಳಗೆಲ್ಲ ಬೋಳು, ಮಧ್ಯದಲ್ಲಿ ಒಂದಷ್ಟು ಎಲೆ, ತುದೀಲಿ ತುಳಸಿ ಕದಿರಿನ ಥರ ಬಿಳಿ ಹೂ. ಎಲೆ ಬೇಕಾದಾಗೆಲ್ಲ ನಾನು ಕೆಳಗಡೆ ಇರೋ ದೊಡ್ಡ ದೊಡ್ಡ ಎಲೇನೇ ಕಿತ್ಕೊಳ್ತಿದ್ದೆ, ಮೇಲಿನ ಚಿಗುರು ಪಾಪ ಬೆಳೀಲಿ ಅಂತ ಒಂದು ದಿನಾನೂ ಮುಟ್ಟಿಲ್ಲ. ಈಗ ಬರ್ತಿರೋ ಎಲೆ ಕಿರುಬೆರಳಿನ ಉಗುರಷ್ಟು ಇದೆ, ಬಾಯಿಗೆ ಹಾಕ್ಕೊಂಡ್ರೆ ಸ್ವಲ್ಪ ಕಹಿ.

ಎರಡನೇದು ಅಂಗಡಿಯಿಂದ ತಂದಿದ್ದು, ಅಂಗೈ ಅಗಲದ ಪ್ಲಾಸ್ಟಿಕ್ ಪಾಟಲ್ಲಿ ಒತ್ತೊತ್ತಾಗಿ ಎಷ್ಟು ಚೆಂದ ಇತ್ತು ಅಂದ್ರೆ ನೋಡಿದ ತಕ್ಷಣ ತಗೊಂಡ್ಬಿಟ್ಟೆ. ಹತ್ತು ದಿನಕ್ಕೆ ಸೊರಗೋಕೆ ಶುರು ಆಯ್ತು. ನೀರು ಕಮ್ಮಿ ಆಗಿರ್ಬೇಕು ಅಂತ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಹಾಕ್ದೆ, ಇನ್ನೂ ಜಾಸ್ತಿ ಸೊರಗ್ತು.

ಎಲ್ಲಿ ಕತ್ತರಿಸ್ಬೇಕು, ಎಷ್ಟು ಕತ್ತರಿಸ್ಬೇಕು, ಅಥ್ವಾ ಇವೆರಡರ ಕಥೆ ಮುಗೀತಾ, ಯಾರಾದ್ರೂ ಹೇಳಿ ಪ್ಲೀಸ್.

ಹಿತ್ತಲಗಿಡ
ಕಥೆ ಏನೂ ಮುಗ್ದಿಲ್ಲ ಬಿಡಿ, ಆದ್ರೆ ನೀವು ಮಾಡಿರೋದು ಪೂರ್ತಿ ಉಲ್ಟಾ. ಬೇಜಾರ್ ಮಾಡ್ಕೋಬೇಡಿ, ನಾನೂ ಮೊದಲ ಎರಡು ವರ್ಷ ಇದನ್ನೇ ಮಾಡಿದೀನಿ, ಚಿಗುರಿಗೆ ಕೈ ಹಾಕೋಕೆ ಮನಸ್ಸೇ ಬರ್ತಿರ್ಲಿಲ್ಲ.

ವಿಷಯ ಏನಂದ್ರೆ ಕೆಳಗಿರೋ ದೊಡ್ಡ ಎಲೆಗಳೇ ಗಿಡಕ್ಕೆ ಊಟ ಮಾಡ್ಕೊಡೋದು. ಅವನ್ನ ಕಿತ್ರೆ ಗಿಡ ಉಪವಾಸ. ತುದಿ ಚಿಗುರು ಏನ್ ಮಾಡುತ್ತೆ ಅಂದ್ರೆ ಆಕ್ಸಿನ್ ಅನ್ನೋ ಹಾರ್ಮೋನ್ ಕೆಳಕ್ಕೆ ಕಳಿಸ್ತಾ ಇರುತ್ತೆ, ಅದು ಬರ್ತಿರೋವರೆಗೂ ಕೆಳಗಿನ ಮೊಗ್ಗುಗಳು ಸುಮ್ನೆ ಮಲಗಿರ್ತಾವೆ, ಅದಕ್ಕೇ ನಿಮ್ದು ಒಂದೇ ಕೋಲಾಗಿ ಮೇಲಕ್ಕೆ ಹೋಗಿರೋದು. ತುದಿ ತೆಗೆದ್ರಿ ಅಂದ್ರೆ ಕೆಳಗಿನವು ಎದ್ದೇಳ್ತಾವೆ.

ಈಗ ಒಂದ್ ಕೆಲ್ಸ ಮಾಡಿ, ಗಿಡದ ಹತ್ರ ಹೋಗಿ ಕೂತ್ಕೊಂಡು ನೋಡಿ. ಎಲೆಗಳು ಎದುರುಬದುರು ಜೋಡಿಯಾಗಿ ಬಂದಿರ್ತಾವೆ, ಆ ಜಾಗದಲ್ಲಿ ಕಬ್ಬಿನ ಗೆಣ್ಣಿನ ಥರ ಕಾಂಡ ಸ್ವಲ್ಪ ಉಬ್ಬಿರುತ್ತೆ. ಎಲೆ ತೊಟ್ಟು ಕಾಂಡಕ್ಕೆ ಸೇರೋ ಕಂಕುಳಲ್ಲಿ ಬೆರಳಿಂದ ಎಲೇನ ಸ್ವಲ್ಪ ಬಗ್ಗಿಸಿ ನೋಡಿದ್ರೆ ಎಳ್ಳು ಕಾಳಷ್ಟು ಸಣ್ಣ ಎರಡು ಎಲೆ ಮಡಚ್ಕೊಂಡು ಕೂತಿರ್ತಾವೆ. ಎರಡೂ ಕಡೆ ಇರ್ತಾವೆ. ಅವೇ ನಿಮ್ಮ ಮುಂದಿನ ಕೊಂಬೆಗಳು. ಅವುಗಳ ಮೇಲೆ ಕಾಲು ಇಂಚು ಬಿಟ್ಟು ಕಾಂಡ ಕತ್ತರಿಸಿ. ಎರಡೂ ಕಡೆಯಿಂದ ಕೊಂಬೆ ಬರುತ್ತೆ. ಅವು ಬೆಳೆದ್ಮೇಲೆ ಅವನ್ನೂ ಹಂಗೇ ಕತ್ತರಿಸಿದ್ರೆ ನಾಲ್ಕು, ಆಮೇಲೆ ಎಂಟು. ಅಂದ್ರೆ ಕೊಯ್ಲೂ ಅದೇ, ಸವರೋದೂ ಅದೇ, ಬೇರೆ ಬೇರೆ ಕೆಲ್ಸ ಅಲ್ಲ ಇಲ್ಲಿ.

ಎರಡು ಎಚ್ಚರಿಕೆ. ಒಂದು, ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬೇಡಿ. ಇನ್ನೊಂದು, ನಿಮ್ದು ಕೆಳಗಡೆ ಬೋಳಾಗಿದೆ ಅಂದ್ರಲ್ಲ, ಆ ಬೋಳು ಭಾಗಕ್ಕೆ ಹೋಗಿ ಕತ್ತರಿಸ್ಬೇಡಿ, ಹಳೇ ಕಾಂಡ ಕಟ್ಟಿಗೆ ಥರ ಗಟ್ಟಿ ಆದ್ಮೇಲೆ ಅಲ್ಲಿಂದ ಚಿಗುರೋದು ಗ್ಯಾರಂಟಿ ಇಲ್ಲ. ಕತ್ತರಿಸಿದ ಜಾಗದ ಕೆಳಗೆ ಕನಿಷ್ಠ ಎರಡ್ಮೂರು ಜೋಡಿ ಹಸಿರು ಎಲೆ ಉಳೀಲೇಬೇಕು.

ಮುಂದಿನ ಸಲ ಬೀಜ ಹಾಕಿದಾಗ ಇಷ್ಟು ದಿನ ಕಾಯ್ಬೇಡಿ, ಗಿಡ ಆರು ಇಂಚು ಆಗಿ ಮೂರ್ನಾಲ್ಕು ಜೋಡಿ ಎಲೆ ಬಂದ ತಕ್ಷಣ ತುದಿ ಚಿವುಟಿ. ಅಯ್ಯೋ ಇಷ್ಟು ಚಿಕ್ಕದು ಅನ್ಸುತ್ತೆ. ಆದ್ರೂ ಚಿವುಟಿ.

ಮಣ್ಣುಕೈ
ಹಿತ್ತಲಗಿಡ ಹೇಳಿದ್ದು ಸರಿಯಾಗಿದೆ, ನಾನು ಅಂಗಡಿ ಪಾಟಿನ ವಿಷಯ ಹೇಳ್ತೀನಿ.

ಆ ಪಾಟಲ್ಲಿ ಮಣ್ಣಿನ ಹತ್ರ ಕಣ್ಣಿಟ್ಟು ಕಾಂಡ ಎಣಿಸಿ ನೋಡಿ. ಅದು ಒಂದು ಗಿಡ ಅಲ್ಲ. ಹದಿನೈದು ಇಪ್ಪತ್ತು ಸಸಿ ಒಟ್ಟಿಗೆ ಬೆಳೆಸಿರ್ತಾರೆ, ಮಾರೋವಾಗ ಪೊದೆ ಥರ ತುಂಬಿ ಕಾಣ್ಲಿ ಅಂತ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಜನ ಸಂಸಾರ ಮಾಡೋಕಾಗುತ್ತಾ, ಬೇರೆಲ್ಲ ಒಂದಕ್ಕೊಂದು ಹೆಣ್ಕೊಂಡು ನೀರಿಗೂ ಗಾಳಿಗೂ ಕಿತ್ತಾಟ. ಪಾಟಿಂದ ಮೆಲ್ಲಗೆ ಹೊರಗೆ ತೆಗೆದು ಬೇರಿನ ಮುದ್ದೇನ ಹತ್ತು ನಿಮಿಷ ನೀರಲ್ಲಿಟ್ಟು, ಕೈಯಿಂದ್ಲೇ ನಾಲ್ಕು ಗುಂಪಾಗಿ ಬಿಡಿಸಿ. ಸ್ವಲ್ಪ ಬೇರು ಹರಿಯುತ್ತೆ, ಪರ್ವಾಗಿಲ್ಲ. ಒಂದೊಂದು ಗುಂಪಿಗೂ ಎಂಟು ಹತ್ತು ಇಂಚಿನ ಕುಂಡ, ತಳದಲ್ಲಿ ತೂತು ಇರ್ಲೇಬೇಕು. ನೆಟ್ಟ ತಕ್ಷಣ ಬಿಸಿಲಿಗಿಡ್ಬೇಡಿ, ನಾಲ್ಕೈದು ದಿನ ನೆರಳಲ್ಲಿ ಇಟ್ಟು ಆಮೇಲೆ ನಿಧಾನಕ್ಕೆ ಬಿಸಿಲಿಗೆ ತನ್ನಿ. ಬೇರೂರಿದ ಮೇಲೆ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು.

ನೀರಿನ ವಿಷಯ. ಸೊರಗಿದ ಗಿಡಕ್ಕೆ ನೀರು ಹಾಕೋ ಮೊದಲು ಬೆರಳನ್ನ ಮಣ್ಣಿಗೆ ಚುಚ್ಚಿ ನೋಡೋದು ಅಭ್ಯಾಸ ಮಾಡ್ಕೊಳಿ, ಒಂದು ಗೆಣ್ಣಿನಷ್ಟು ಆಳ ಸಾಕು. ಒಣಗಿದ್ರೆ ನೀರು ಹಾಕಿ, ಬೆಸಿಲ್ ನಾಟಕ ಜಾಸ್ತಿ, ಸತ್ತೇ ಹೋಯ್ತೇನೋ ಅನ್ನೋ ಥರ ಜೋತು ಬಿದ್ದಿರುತ್ತೆ, ನೀರು ಬಿದ್ದ ಒಂದೆರಡು ಗಂಟೇಲಿ ಏನೂ ಆಗೇ ಇಲ್ಲ ಅನ್ನೋ ಹಾಗೆ ಎದ್ದು ನಿಲ್ಲುತ್ತೆ. ಆದ್ರೆ ಮಣ್ಣು ಒದ್ದೆ ಇದ್ದೂ ಗಿಡ ಸೊರಗಿದೆ ಅಂದ್ರೆ ಅದು ಬಾಯಾರಿಕೆ ಅಲ್ಲ, ಬೇರಿಗೆ ಉಸಿರು ಕಟ್ಟಿ ಕೊಳೀತಿದೆ ಅಂತ. ಅಲ್ಲಿ ಇನ್ನೂ ನೀರು ಹಾಕೋದು ಅಂದ್ರೆ ಮುಳುಗ್ತಿರೋನಿಗೆ ಚೊಂಬಲ್ಲಿ ನೀರು ಕೊಟ್ಟ ಹಾಗೆ. ನಿಮ್ದು ಆಗಿರೋದು ಇದೇ ಅನ್ಸುತ್ತೆ. ಬಿಡಿಸೋವಾಗ ಬೇರು ನೋಡಿ, ಬೆಳ್ಳಗಿದ್ರೆ ಜೀವ ಇದೆ, ಕಂದಾಗಿ ಲೋಳೆ ಲೋಳೆ ಇದ್ದು ವಾಸ್ನೆ ಬಂದ್ರೆ ಆ ಗುಂಪು ಎಸೀರಿ.

ಕಡ್ಡಿಪುಡಿ
ಸುಮ್ನೆ ಒಂದು ಡೌಟು, ಇದನ್ನ ಕಾಮಕಸ್ತೂರಿ ಅನ್ನೋದು ಬಿಟ್ಟು ಎಲ್ರೂ ಬೆಸಿಲ್ ಬೆಸಿಲ್ ಅಂತೀರಲ್ಲ, ಎರಡೂ ಒಂದೇ ಅಲ್ವಾ? ಮತ್ತೆ ತುಳಸೀನೂ ಬೆಸಿಲ್ ಅಂತಾರೆ ಕೆಲವ್ರು.

ಹಿತ್ತಲಗಿಡ
@ಕಡ್ಡಿಪುಡಿ ಕಾಮಕಸ್ತೂರಿ ಮತ್ತೆ ಈ ಬೆಸಿಲ್ ಎರಡೂ ಒಂದೇ ಜಾತಿ, ಆಸಿಮಮ್ ಬೆಸಿಲಿಕಮ್. ತಳಿ ಬೇರೆ ಬೇರೆ ಅಷ್ಟೇ. ಜನೋವೀಸ್ ಅಂತಾರಲ್ಲ, ಅದರ ಎಲೆ ದೊಡ್ಡದು, ದೋಣಿ ಥರ ಬಗ್ಗಿರುತ್ತೆ, ವಾಸ್ನೇಲಿ ಲವಂಗದ ಎಳೆ ಇರುತ್ತೆ, ಅದಕ್ಕೆ ಕಾರಣ ಯೂಜಿನಾಲ್, ಲವಂಗದಲ್ಲಿ ಇರೋದೂ ಅದೇ. ಕೆಲವು ತಳಿ ಉಜ್ಜಿದ್ರೆ ಸೋಂಪಿನ ಘಮ ಬರುತ್ತೆ. ತುಳಸಿ ಅದೇ ಕುಲದ್ದು, ಆದ್ರೆ ಜಾತಿ ಬೇರೆ, ಆಸಿಮಮ್ ಟೆನ್ಯುಯಿಫ್ಲೋರಮ್. ಅಣ್ತಮ್ಮಂದಿರ ಮಕ್ಕಳು ಅನ್ಕೊಳಿ.

ಬೀಜ ನೆನೆ ಹಾಕಿದ್ರೆ ಸುತ್ತ ಲೋಳೆ ಕಟ್ಟೋದು ನೋಡಿರ್ತೀರ, ಮಣ್ಣಲ್ಲೂ ಹಾಗೇ ಆಗುತ್ತೆ, ನೀರು ತಾಗಿದ ಸ್ವಲ್ಪ ಹೊತ್ತಿಗೇ ಬೂದು ಬಣ್ಣದ ಜೆಲ್ಲಿ ಥರ ಆಗುತ್ತೆ. ಗಾಬರಿ ಆಗಿ ಫಂಗಸ್ ಅಂತ ತೆಗೆದು ಎಸೆದವ್ರಿದಾರೆ. ಆಳಕ್ಕೆ ಹಾಕ್ಬೇಡಿ, ಮೇಲೆ ಉದುರಿಸಿ ಕಾಲು ಇಂಚು ಸಣ್ಣ ಮಣ್ಣು ಮುಚ್ಚಿದ್ರೆ ಸಾಕು, ಬೆಚ್ಚಗಿದ್ರೆ ಐದರಿಂದ ಹತ್ತು ದಿನಕ್ಕೆ ಮೊಳಕೆ.

ಜೇನುಗೂಡು
ಎಲ್ರೂ ಹೂ ಕಂಡ ತಕ್ಷಣ ಶತ್ರು ಥರ ಆಡ್ತೀರಪ್ಪ. ನಾನು ಮೂರ್ನಾಲ್ಕು ಗಿಡ ಇಟ್ರೆ ಒಂದನ್ನ ಹೂವಿಗೇ ಅಂತ ಬಿಟ್ಬಿಡ್ತೀನಿ. ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ನಿಂತ್ರೆ ಆ ಒಂದು ಗಿಡದ ಸುತ್ತ ಜೇನು ಜುಂಯ್ ಅಂತಿರುತ್ತೆ, ಪಕ್ಕದಲ್ಲೇ ಇರೋ ಬದನೆ ಮೆಣಸಿನಕಾಯಿ ಹೂವಿಗೂ ಹೋಗಿ ಬರ್ತಾವೆ. ಕದಿರು ಪೂರ್ತಿ ಕಂದಾಗಿ ಒಣಗಿದ್ಮೇಲೆ ಪೇಪರ್ ಮೇಲೆ ಹಿಡ್ದು ಉಜ್ಜಿದ್ರೆ ಕಪ್ಪು ಬೀಜ ಉದುರುತ್ತೆ, ಊದಿ ಹೊಟ್ಟು ಹಾರಿಸಿ ಡಬ್ಬಿಗೆ ಹಾಕಿಡಿ, ತಂಪಾಗಿ ಒಣಗಿದ್ರೆ ವರ್ಷಗಟ್ಲೆ ಇರುತ್ತೆ. ಅಕ್ಕಪಕ್ಕ ಬೇರೆ ತಳಿ ಇದ್ರೆ ಮಾತ್ರ ಜೇನುಗಳು ಪರಾಗ ಕಲೆಸಿ ಇಟ್ಟಿರ್ತಾವೆ, ಮುಂದಿನ ಗಿಡ ಅಮ್ಮನ ಥರ ಇರುತ್ತೆ ಅಂತ ಹೇಳೋಕಾಗಲ್ಲ.

ಆದ್ರೆ ಎಲೆಗೆ ಅಂತ ಬೆಳೆಸೋರು ಮೊಗ್ಗು ಕಂಡಾಗ್ಲೇ ತೆಗೀಬೇಕು, ಇದಕ್ಕೆ ನನ್ ತಕರಾರಿಲ್ಲ. ಎಲೆ ಬರ್ತಿದ್ದ ತುದೀನೇ ಹೂಕದಿರಾಗಿ ಬದಲಾಗೋದ್ರಿಂದ ಆ ಕೊಂಬೇಲಿ ಮುಂದಕ್ಕೆ ಎಲೆ ಬರಲ್ಲ. ನಾಲ್ಕು ದಿಕ್ಕಿಗೂ ಎಲೆ ಜೋಡಿ ಒತ್ತೊತ್ತಾಗಿ ಗೋಪುರದ ಥರ ಕಾಣ್ಸೋಕೆ ಶುರು ಆಯ್ತು ಅಂದ್ರೆ ಮೊಗ್ಗು ಬರ್ತಿದೆ ಅಂತ ಲೆಕ್ಕ. ಬರೀ ಹೂ ಚಿವುಟಿದ್ರೆ ಸಾಲ್ದು, ಅದ್ರ ಕೆಳಗೆ ಒಂದೆರಡು ಗೆಣ್ಣು ಸೇರಿಸಿ ತೆಗೀರಿ, ಇಲ್ಲಾಂದ್ರೆ ವಾರದಲ್ಲಿ ಪಕ್ಕದಿಂದ ಇನ್ನೆರಡು ಕದಿರು.

ಸಂಜೆಮಲ್ಲಿಗೆ
ಅಬ್ಬಾ ಇಷ್ಟೊಂದು ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್.

ಮಣ್ಣುಕೈ ಅವ್ರೇ, ಎಣಿಸಿದೆ, ಹತ್ತೊಂಬತ್ತು ಕಾಂಡ ಇತ್ತು!! ಅದ್ರಲ್ಲಿ ಅರ್ಧದ ಬೇರು ಕಂದಾಗಿ ವಾಸ್ನೆ ಬರ್ತಿತ್ತು, ಎಸೆದೆ. ಉಳಿದಿದ್ದನ್ನ ಎರಡು ಕುಂಡಕ್ಕೆ ನೆಟ್ಟಿದೀನಿ.

ದೊಡ್ಡ ಗಿಡಾನೂ ಕತ್ತರಿಸಿದೆ, ಕೈ ನಡುಗ್ತಿತ್ತು ನಿಜವಾಗ್ಲೂ. ಎಳ್ಳುಕಾಳು ಕಾಣಿಸ್ತು ಹಿತ್ತಲಗಿಡ ಅವ್ರೇ, ನೀವು ಹೇಳ್ದೆ ಇದ್ದಿದ್ರೆ ಜನ್ಮದಲ್ಲಿ ನೋಡ್ತಿರ್ಲಿಲ್ಲ. ಈಗ ಕತ್ತರಿಸಿದ ಒಂದು ಗೇಣು ಉದ್ದದ ತುದಿ ಕೈಯಲ್ಲಿದೆ, ಹೂ ತೆಗೆದು ಹಾಕಿದೀನಿ, ಇದನ್ನ ನೆಡಬಹುದಾ? ಇನ್ನೊಂದು, ಹೋದ ಸಲ ಎಲೆ ತೊಳೆದು ಕವರಲ್ಲಿ ಹಾಕಿ ಫ್ರಿಜ್ಜಲ್ಲಿಟ್ಟಿದ್ದೆ, ಎರಡೇ ದಿನಕ್ಕೆ ಕಪ್ಪು ಕಪ್ಪಾಗಿ ಹೋಯ್ತು, ಅದ್ಯಾಕೆ?

ಮಣ್ಣುಕೈ
ನೆಡಬಹುದು. ಕೆಳಗಿನ ಎರಡು ಜೋಡಿ ಎಲೆ ತೆಗೆದು ಗೆಣ್ಣು ಮುಳುಗೋ ಹಾಗೆ ಒಂದು ಲೋಟ ನೀರಲ್ಲಿ ಇಡಿ, ನೇರ ಬಿಸಿಲು ಬೇಡ, ಬೆಳಕಿರೋ ಜಾಗ ಸಾಕು, ಎರಡು ದಿನಕ್ಕೊಂದ್ಸಲ ನೀರು ಬದಲಾಯ್ಸಿ. ಒಂದೆರಡು ವಾರದಲ್ಲಿ ಬಿಳಿ ಬೇರು ಬರುತ್ತೆ, ಎರಡು ಇಂಚು ಆದ್ಮೇಲೆ ಮಣ್ಣಿಗೆ. ಹೂ ಬಿಟ್ಟಿದ್ದ ತುದಿ ಆಗಿದ್ರಿಂದ ಬೇರು ಬರೋದು ಸ್ವಲ್ಪ ನಿಧಾನ ಆಗ್ಬಹುದು, ಹೂ ಬಿಡದ ಎಳೆ ಕೊಂಬೆ ಆದ್ರೆ ಸಲೀಸು.

ಅಡುಗೆಕಟ್ಟೆ
ಫ್ರಿಜ್ ವಿಷಯ ನಂಗೆ ಬಿಡಿ, ಎಷ್ಟು ಎಲೆ ಹಾಳು ಮಾಡಿದೀನಿ ಅಂತ ಲೆಕ್ಕ ಇಲ್ಲ.

ಬೆಸಿಲ್‌ಗೆ ಚಳಿ ಆಗಲ್ಲ. ಗಿಡಕ್ಕೂ ಆಗಲ್ಲ, ಕಿತ್ತ ಎಲೆಗೂ ಆಗಲ್ಲ. 10 ಡಿಗ್ರಿಗಿಂತ ಕೆಳಗೆ ಹೋದ್ರೆ ಎಲೆ ಒಳಗಿನ ಜೀವಕೋಶ ಹಾಳಾಗಿ ಕಪ್ಪಾಗುತ್ತೆ, ಫ್ರಿಜ್ಜಲ್ಲಿ 4 ಡಿಗ್ರಿ ಆಸುಪಾಸು ಇರುತ್ತೆ. ಮೇಲಿಂದ ನೀವು ತೊಳೆದು ಒದ್ದೇನೇ ಕವರಿಗೆ ಹಾಕಿದೀರ. ಬದಲಿಗೆ ಕಾಂಡ ಸಮೇತ ಕತ್ತರಿಸಿ ತಂದು ಹೂದಾನೀಲಿ ಹೂ ಇಟ್ಟ ಹಾಗೆ ಲೋಟದ ನೀರಲ್ಲಿಟ್ಟು ಅಡುಗೆಮನೆ ಕಟ್ಟೆ ಮೇಲೇ ಇಡಿ, ವಾರ ಇರುತ್ತೆ, ಬಳಸೋವಾಗ ಮಾತ್ರ ತೊಳೀರಿ. ಕೆಲವೊಮ್ಮೆ ಅಲ್ಲೇ ಬೇರು ಬಿಟ್ಕೊಂಡು ಕೂತಿರುತ್ತೆ, ಅದು ಬೋನಸ್ಸು.

ಜಾಸ್ತಿ ದಿನಕ್ಕೆ ಅಂದ್ರೆ ಒಣಗಿಸೋದು ನಂಗಿಷ್ಟ ಇಲ್ಲ, ಘಮ ಎಲ್ಲ ಹಾರಿ ಹೋಗಿ ಒಣ ಹುಲ್ಲು ಉಳಿಯುತ್ತೆ. ನಾನು ಮಾಡೋದು, ಕುದಿಯೋ ನೀರಲ್ಲಿ ಐದು ಹತ್ತು ಸೆಕೆಂಡ್ ಅದ್ದಿ ತಕ್ಷಣ ಐಸ್ ನೀರಿಗೆ ಹಾಕಿ, ಚೆನ್ನಾಗಿ ಹಿಂಡಿ, ಸ್ವಲ್ಪ ಎಣ್ಣೆ ಜೊತೆ ರುಬ್ಬಿ ಐಸ್ ಟ್ರೇಲಿ ಹಾಕಿ ಫ್ರೀಜರಲ್ಲಿ ಇಡ್ತೀನಿ. ಆ ಬಿಸಿ ನೀರಲ್ಲಿ ಅದ್ದೋದನ್ನ ಬಿಟ್ರೆ ಕಪ್ಪಾಗೋದು ತಪ್ಪಲ್ಲ, ಎಲೇಲಿರೋ ಕಿಣ್ವದಿಂದ ಆಗೋ ಬಣ್ಣ ಅದು, ಬದನೆಕಾಯಿ ಹೆಚ್ಚಿಟ್ರೆ ಕಪ್ಪಾಗುತ್ತಲ್ಲ ಹಾಗೆ, ಬಿಸಿ ತಾಗಿದ್ರೆ ಕಿಣ್ವ ಕೆಲ್ಸ ನಿಲ್ಸುತ್ತೆ. ಮತ್ತೆ ಒಂದು ಮಾತು, ಹಸಿ ಎಲೇನ ಎಣ್ಣೇಲಿ ಮುಳುಗಿಸಿ ಬಾಟಲಿಗೆ ತುಂಬಿ ಹೊರಗೆ ಇಡೋದನ್ನ ದಯವಿಟ್ಟು ಮಾಡ್ಬೇಡಿ. ನೋಡೋಕೆ ಚೆಂದ, ಆದ್ರೆ ಗಾಳಿ ಆಡದ ಎಣ್ಣೆ ಒಳಗೆ ಬಾಟುಲಿಸಂ ತರೋ ಬ್ಯಾಕ್ಟೀರಿಯಾ ಬೆಳೀಬಹುದು, ವಾಸ್ನೆ ರುಚಿ ಯಾವುದ್ರಲ್ಲೂ ಗೊತ್ತಾಗಲ್ಲ.

ಆಮೇಲೆ ಕೀಳೋ ಹೊತ್ತು. ಬೆಳಿಗ್ಗೆ ಇಬ್ಬನಿ ಆರಿದ್ಮೇಲೆ, ಬಿಸಿಲೇರೋ ಮೊದಲು. ಚೂಪಾದ ಕತ್ರಿ ತಗೊಳಿ, ಎಲೆ ಮೇಲೆ ಸಣ್ಣ ಸಣ್ಣ ಎಣ್ಣೆ ಚೀಲ ಇರ್ತಾವೆ, ಹಿಸುಕಿದ್ರೆ ಒಡೆದು ವಾಸ್ನೆ ಎಲ್ಲ ನಿಮ್ಮ ಕೈಗೇ ಹೋಗುತ್ತೆ.

ಮಳೆಬಿಲ್ಲು77
ನಡುವೆ ಬಂದಿದ್ದಕ್ಕೆ ಸಾರಿ, ನಂದೂ ಬೆಸಿಲ್ ಪ್ರಾಬ್ಲಮ್ಮೇ. ಎಲೆ ಹಳದಿ ಆಗ್ತಿದೆ, ಎಲ್ರೂ ಗೊಬ್ಬರ ಕಮ್ಮಿ ಅಂದ್ರು ಅಂತ ಎರೆಗೊಬ್ಬರ ಹಾಕಿದೆ, ಜಾಸ್ತಿನೇ ಹಾಕಿದೆ, ಏನೂ ಪ್ರಯೋಜನ ಇಲ್ಲ. ಎಲೆ ಹಿಂದೆ ಧೂಳು ಕೂತ ಹಾಗಿದೆ, ಒರೆಸಿದ್ರೂ ಮತ್ತೆ ಬರುತ್ತೆ.

ಹಿತ್ತಲಗಿಡ
@ಮಳೆಬಿಲ್ಲು77 ಅದು ಧೂಳಲ್ಲ. ಹಳದಿ ಎಲ್ಲಿದೆ ಅಂತ ಸರಿಯಾಗಿ ನೋಡಿ. ಕೆಳಗಿನ ಹಳೇ ಎಲೆ ಇಡೀ ಒಂದೇ ಸಮ ಹಳದಿ ಆಗಿದ್ರೆ ಸಾರಜನಕ ಕಮ್ಮಿ ಅಥ್ವಾ ನೀರು ಜಾಸ್ತಿ. ನರಗಳ ಮಧ್ಯೆ ಬೇಲಿ ಹಾಕಿದ ಹಾಗೆ ಪಟ್ಟೆ ಪಟ್ಟೆ ಹಳದಿ ಆಗಿ, ಅದೇ ಜಾಗದ ಹಿಂಬದೀಲಿ ಬೂದು ನೇರಳೆ ಬಣ್ಣದ ನವಿರು ಬೂಜು ಇದ್ರೆ ಡೌನಿ ಮಿಲ್ಡ್ಯೂ, ಬೂಜು ತುಪ್ಪಟ ರೋಗ. ನೀವು ಹೇಳ್ತಿರೋದು ಎರಡನೇದರ ಥರಾನೇ ಇದೆ.

ಮನೆ ಮದ್ದು ಯಾವ್ದೂ ಇದನ್ನ ವಾಸಿ ಮಾಡಲ್ಲ, ನಾನು ಬೇವಿನೆಣ್ಣೆ ಹೊಡೆದು ಹೊಡೆದು ಸುಸ್ತಾಗಿದೀನಿ. ಎಲೆ ರಾತ್ರಿಯೆಲ್ಲ ಒದ್ದೆ ಇದ್ರೆ ಅದಕ್ಕೆ ಹಬ್ಬ. ಹಾಗಾಗಿ ಸಂಜೆ ತಲೆ ಮೇಲಿಂದ ನೀರು ಹೊಯ್ಯೋದು ನಿಲ್ಸಿ, ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕಿ, ಗಿಡಗಳ ನಡುವೆ ಕನಿಷ್ಠ ಒಂದು ಗೇಣು ಜಾಗ ಬಿಡಿ, ರೋಗ ಬಂದ ಎಲೆ ಕಿತ್ತು ಕವರಲ್ಲಿ ಕಟ್ಟಿ ಆಚೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಅರ್ಧಕ್ಕಿಂತ ಜಾಸ್ತಿ ಹಿಡಿದಿದ್ರೆ ಚೆನ್ನಾಗಿರೋ ಎಲೆಗಳನ್ನ ಈಗ್ಲೇ ಕೊಯ್ದು ಬಳಸ್ಕೊಂಡು ಗಿಡ ಕಿತ್ತುಬಿಡಿ. ಬೀಜಕಣ ಗಾಳೀಲಿ ಹಾರುತ್ತೆ, ಅಮೆರಿಕದಲ್ಲಿ 2007ರಲ್ಲಿ ಫ್ಲೋರಿಡಾದಲ್ಲಿ ಮೊದಲು ಕಾಣಿಸ್ಕೊಂಡು ಕೆಲವೇ ವರ್ಷದಲ್ಲಿ ದೇಶದ ತುಂಬಾ ಹರಡಿದ ರೋಗ ಇದು. ಆಮೇಲೆ ರಟ್ಗರ್ಸ್ ಯೂನಿವರ್ಸಿಟಿಯವ್ರು ತಡ್ಕೊಳ್ಳೋ ತಳಿಗಳನ್ನ ತಂದ್ರು, ಪ್ರಾಸ್ಪೆರಾ ಅಂತ ಇನ್ನೊಂದಿದೆ, ಬೀಜ ಸಿಕ್ರೆ ಅಂಥದ್ದು ಹಾಕಿ.

ಎರೆಗೊಬ್ಬರ ಜಾಸ್ತಿ ಹಾಕಿದೀರ ಅಂದ್ರಲ್ಲ, ಬೆಸಿಲ್‌ಗೆ ಅಷ್ಟು ಬೇಡ, ತಿಂಗಳಿಗೊಂದು ಹಿಡಿ ಸಾಕು. ಗೊಬ್ಬರ ಜಾಸ್ತಿ ಆದ್ರೆ ಎಲೆ ದೊಡ್ಡದಾಗಿ ಕೊಬ್ಬುತ್ತೆ, ಮೂಗಿಗೆ ಹಿಡಿದ್ರೆ ಘಮ ಕಮ್ಮಿ.

ಮಳೆಬಿಲ್ಲು77
ಈಗ ಟಾರ್ಚ್ ಹಾಕ್ಕೊಂಡು ನೋಡಿ ಬಂದೆ, ನೀವು ಹೇಳಿದ್ದೇ, ನೇರಳೆ ಬೂಜು. ನಾನು ದಿನಾ ಸಂಜೆ ಸ್ಪ್ರೇ ಬಾಟಲಲ್ಲಿ ಎಲೆಗೆ ಸ್ನಾನ ಮಾಡಿಸ್ತಿದ್ದೆ, ತಂಪಾಗಿರ್ಲಿ ಅಂತ 😭

ಕಡ್ಡಿಪುಡಿ
ಪ್ರೀತಿ ಜಾಸ್ತಿ ಆಗಿ ಸತ್ತ ಗಿಡಗಳ ಸಂಘ ಒಂದು ಮಾಡೋಣ, ನಾನೇ ಅಧ್ಯಕ್ಷ.

ಸಂಜೆಮಲ್ಲಿಗೆ
ಇಪ್ಪತ್ತೆರಡು ದಿನ ಆಯ್ತು, ಅಪ್ಡೇಟ್ ಕೊಡೋಣ ಅಂತ ಬಂದೆ.

ಕೋಲು ಗಿಡ: ಕತ್ತರಿಸಿದ ನಾಲ್ಕನೇ ದಿನ ಎಳ್ಳುಕಾಳು ಹೋಗಿ ಅಕ್ಕಿಕಾಳಾಯ್ತು, ಈಗ ಎರಡೂ ಕಡೆ ಬೆರಳುದ್ದದ ಕೊಂಬೆ, ಅದ್ರ ಕೆಳಗಿನ ಗೆಣ್ಣಿಂದ್ಲೂ ಇನ್ನೆರಡು ಬಂದಿದೆ. ಎಲೆ ಮತ್ತೆ ದೊಡ್ಡದಾಗ್ತಿದೆ, ಕಹಿ ಇಲ್ಲ. ಬುಡದ ಬೋಳು ಭಾಗ ಮಾತ್ರ ಹಂಗೇ ಬೋಳು, ನೋಡೋಕೆ ಉದ್ದ ಕತ್ತಿನ ಕೊಕ್ಕರೆ ಥರ ಇದೆ.

ಲೋಟದ ತುದಿ: ಹನ್ನೆರಡನೇ ದಿನಕ್ಕೆ ಬೇರು ಬಂತು, ಮಣ್ಣಿಗೆ ಹಾಕಿದೀನಿ. ಅಂಗಡಿ ಪಾಟಿಂದ ಬಿಡಿಸಿದ್ದರಲ್ಲಿ ಒಂದು ಕುಂಡ ಚೆನ್ನಾಗಿದೆ, ಇನ್ನೊಂದು ಹೋಯ್ತು, ಅದ್ರಲ್ಲಿ ಅವಸರಪಟ್ಟು ಎರಡನೇ ದಿನವೇ ಬಿಸಿಲಿಗಿಟ್ಟಿದ್ದೆ, ತಪ್ಪು ನಂದೇ.

ಹೊಸ ಕೊಂಬೆಗಳಲ್ಲಿ ಈಗ ಮೂರು ಜೋಡಿ ಎಲೆ ಇದೆ. ಇನ್ನೂ ಸ್ವಲ್ಪ ದಿನ ಬಿಡ್ಲಾ?

ಹಿತ್ತಲಗಿಡ
ಬಿಡ್ಬೇಡಿ. ನಾಳೆ ಬೆಳಿಗ್ಗೆ ಕತ್ರಿ ತಗೊಳಿ, ಕೆಳಗಿನ ಒಂದು ಜೋಡಿ ಉಳ್ಸಿ ಅದ್ರ ಮೇಲೆ ಕತ್ತರಿಸಿ.

ಸಂಜೆಮಲ್ಲಿಗೆ
ಸರಿ. ಈ ಸಲ ಕೈ ನಡುಗಲ್ಲ ಅನ್ಕೊಂಡಿದೀನಿ.